ಋಣ ಸಂಖ್ಯೆ ಕಲಿಸಲು ಹಿಮ ಬೇಡ, ಅಡಿಕೆ ಲೆಕ್ಕ ಸಾಕು

ಮಾನ್ಯರೇ,

ಋಣ ಸಂಖ್ಯೆಯ ಪಾಠಕ್ಕೆ ಸೊನ್ನೆಗಿಂತ ಕೆಳಗಿಳಿದ ಉಷ್ಣಾಂಶದ ಉದಾಹರಣೆ ಕೊಡುವುದು ರೂಢಿ. ಕಾಸರಗೋಡಿನ ಸೆಕೆಯಲ್ಲಿ ಕೂತ ಮಕ್ಕಳಿಗೆ ಅದು ಬರೀ ಕೇಳಿದ ಕತೆ. ಸಾಲ ಹಾಗಲ್ಲ, ಅದು ಮನೆಯಲ್ಲೇ ಇದೆ. ಮಲಯಾಳದವರು 'ನ್ಯೂನಸಂಖ್ಯೆ' ಎಂದರೆ ನಾವು 'ಋಣ ಸಂಖ್ಯೆ' ಎನ್ನುತ್ತೇವೆ, ಹೆಸರಿನಲ್ಲೇ ಸಾಲವಿದೆ. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಇವುಗಳ ನಿಯಮ ಬರೆದದ್ದೂ ಧನ, ಋಣ ಎಂಬ ಮಾತುಗಳಲ್ಲೇ.

ಅಡಿಕೆ ವ್ಯಾಪಾರಿಯಿಂದ 10,000 ರೂಪಾಯಿ ಮುಂಗಡ ತಂದವರ ಲೆಕ್ಕ −10,000ದಿಂದ ಶುರು. ಕಿಲೋಗೆ 400ರಂತೆ 20 ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ) ಹಾಕಿದರೆ +8,000. ಆಟೋ ಬಾಡಿಗೆ 150ನ್ನು ವ್ಯಾಪಾರಿಯೇ ಕೊಟ್ಟು ಇವರ ಲೆಕ್ಕಕ್ಕೆ ಬರೆದರೆ −150. ಉಳಿದದ್ದು −2,150. ಮಕ್ಕಳು ಮಾಡುವುದೇನು? ಹತ್ತರಿಂದ ಎಂಟು ಸಾವಿರ ಕಳೆದು 2,000 ಎಂದು ಚಿಹ್ನೆಯಿಲ್ಲದೆ ಬರೆಯುತ್ತಾರೆ. ಮುಂದಿನ ಸಾಲಿನಲ್ಲಿ ಅದರಿಂದ 150 ಕಳೆದು 1,850 ಎನ್ನುತ್ತಾರೆ. ಆಟೋ ಹತ್ತಿದಷ್ಟೂ ಸಾಲ ತೀರಿತೆಂದರೆ ಯಾರಿಗೆ ಬೇಡ! ಪ್ರತಿ ಸಾಲಿನ ಬಾಕಿಗೂ ಚಿಹ್ನೆ ಹಾಕಿಸಿದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನೊಂದು ತೊಡಕು, ಒಂದೇ ಮೈನಸ್ ಗೆರೆಗೆ ಎರಡು ಕೆಲಸ. ಒಂದು ಕಡೆ ಅದು 'ಕಳೆ' ಎನ್ನುತ್ತದೆ, ಇನ್ನೊಂದು ಕಡೆ 'ಇದು ಸಾಲ' ಎನ್ನುತ್ತದೆ. ವ್ಯಾಪಾರಿ ಆ ಬಾಡಿಗೆ ಬೇಡವೆಂದು ಬಿಟ್ಟರೆ −2,150 − (−150) = −2,000. ಇಲ್ಲಿ ಮೊದಲು ಬಂದದ್ದು ಬಿಟ್ಟುಕೊಡುವ ಕ್ರಿಯೆ, ಆವರಣದೊಳಗಿನದು ಬಿಟ್ಟ ಸಾಲ. 'ಮೈನಸ್ ಮೈನಸ್ ಪ್ಲಸ್' ಎಂದು ಬಾಯಿಪಾಠ ಮಾಡಿಸಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅದನ್ನೇ ನಂಬಿದ ಮಗು −300 − 200ಕ್ಕೂ +500 ಎಂದು ಬರೆಯುತ್ತದೆ.

ಗುಣಾಕಾರದಲ್ಲಿ ಜಾಗ್ರತೆ ಬೇಕು. ಎರಡು ಋಣ ಗುಣಿಸಿದರೆ ಧನ ಎಂಬ ನಿಯಮ ಸರಿಯೇ, ಆದರೆ ಸಾಲವನ್ನು ಸಾಲದಿಂದ ಗುಣಿಸುವವರು ಯಾರೂ ಇಲ್ಲ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸಿದರೆ ಅರ್ಥವೂ ಇಲ್ಲ. ಒಂದು ಸಂಖ್ಯೆ ಹಣ, ಇನ್ನೊಂದು ಕಾಲ ಎಂದಿಟ್ಟುಕೊಳ್ಳಿ. ಸಂಘದ ಸಾಲಕ್ಕೆ ವಾರಕ್ಕೆ 200 ಕಟ್ಟುವವರ ಕೈಹಣಕ್ಕೆ ವಾರಕ್ಕೆ −200. ಬೇರೆ ಖರ್ಚು, ವರಮಾನ ಬದಿಗಿಟ್ಟರೆ ಇನ್ನು ನಾಲ್ಕು ವಾರಕ್ಕೆ 4 × (−200) = −800. ನಾಲ್ಕು ವಾರ ಹಿಂದೆ? (−4) × (−200) = +800, ಅಂದರೆ ಆಗ ಕೈಯಲ್ಲಿ ಇಂದಿಗಿಂತ 800 ಹೆಚ್ಚಿತ್ತು. ಭಾಗಾಕಾರಕ್ಕೆ ಹೆಚ್ಚು ಹೇಳಬೇಕಿಲ್ಲ: ನಾಲ್ವರು ಸೇರಿ ಮಾಡಿದ 2,400ರ ಸಾಲ ತಲೆಗೆ −600.

ಪಾಸ್‌ಬುಕ್ಕನ್ನೂ ತರಗತಿಗೆ ತರಬಹುದು, ಖಾತೆ ನಂಬರು ಮುಚ್ಚಿ. ಸಾಲದ ಪುಸ್ತಕದಲ್ಲಿ ಬಾಕಿ ಮೊತ್ತಕ್ಕೆ ಮೈನಸ್ ಇಲ್ಲದಿರುವುದೂ ಉಂಟು; ಉಳಿತಾಯದ 5,000, ಸಾಲದ 18,000 ಕೂಡಿಸಿ 23,000 ಎಂದು ಮಗು ಹಿಗ್ಗಿದರೆ ಆಶ್ಚರ್ಯವಿಲ್ಲ. ಕೂಡಿಸುವ ಮೊದಲು ಸಾಲದ ಮೊತ್ತಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆಸಿ: 5,000 + (−18,000) = −13,000.

— ಗಣಿತ ಅಧ್ಯಾಪಕ, ಬದಿಯಡ್ಕ