ತಲೆ ಹೋಯಿತು, ಬಾಲ ಉಳಿಯಿತು

ಮಾನ್ಯ ಸಂಪಾದಕರೇ,

ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳಾದ ನಾವೇ ಹೊರತರುವ ಪ್ರಾಯೋಗಿಕ ಪತ್ರಿಕೆಯ ವಿತರಣೆ ನಿಂತ ಬಗ್ಗೆ ನಿನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ಸುದ್ದಿ ಓದಿದೆವು. ‘ತಾಂತ್ರಿಕ ಕಾರಣಗಳಿಂದ ವಿತರಣೆ ಮುಂದೂಡಲಾಗಿದೆ’ಯಂತೆ. ಯಾರು ಹೇಳಿದ್ದು? ಪ್ರಾಂಶುಪಾಲರೋ, ಆಡಳಿತ ಮಂಡಳಿಯೋ, ಇಲ್ಲಾ ನಿಮ್ಮ ವರದಿಗಾರರಿಗೇ ಹೊಳೆಯಿತೋ? ‘ಎಂದು ತಿಳಿಸಿದ್ದಾರೆ’ ಅಂತಾದರೂ ಸೇರಿಸಬಾರದಿತ್ತೇ? ಮೊದಲ ವರ್ಷದಲ್ಲಿ ನಾವು ಹೀಗೆ ಬರೆದರೆ ಅಂಕ ಕತ್ತರಿಸುತ್ತಾರೆ.

ತಾಂತ್ರಿಕ ಕಾರಣ ಏನೆಂದು ನಾವೇ ಹೇಳುತ್ತೇವೆ. ನಮ್ಮದು ನಾಲ್ಕು ಪುಟದ ಟ್ಯಾಬ್ಲಾಯ್ಡ್. ಒಂದೇ ಹಾಳೆ, ನಡುವೆ ಮಡಿಕೆ. 1 ಮತ್ತು 4ನೇ ಪುಟ ಹೊರಬದಿ, 2 ಮತ್ತು 3 ಒಳಬದಿ. ಒಳಬದಿ ಕಪ್ಪು ಬಿಳುಪು, ಒಂದು ಪ್ಲೇಟ್ (ಅಚ್ಚಿನ ತಗಡು) ಸಾಕು. ಹೊರಬದಿ ಬಣ್ಣ, ನಾಲ್ಕು ಪ್ಲೇಟ್. ಹಾಸ್ಟೆಲ್ ನೀರಿನ ಸುದ್ದಿ ಮುಖಪುಟದ ಲೀಡ್, ಅಂದರೆ ಮುಖ್ಯ ಸುದ್ದಿ; ಅದರ ಬಾಲ, ಅಂದರೆ ಮುಂದುವರಿದ ಭಾಗ, 3ನೇ ಪುಟದಲ್ಲಿ. ಒಳಬದಿ ಅಚ್ಚಾದ ಮೇಲೆ ಪ್ರೆಸ್ಸಿಗೆ ಫೋನ್ ಬಂತು. ಲೀಡ್ ಕಿತ್ತು, ಆ ಜಾಗಕ್ಕೆ ಸಸಿ ನೆಡುವ ಚಿತ್ರ ಕೂರಿಸಿ (ಸಸಿ ಒಂದು, ಗಣ್ಯರು ಹನ್ನೊಂದು), ನಾಲ್ಕೂ ಪ್ಲೇಟ್ ಹೊಸದಾಗಿ ಮಾಡಿಸಿದರು. ಅದೇ ಪ್ಲೇಟುಗಳಲ್ಲಿದ್ದ 4ನೇ ಪುಟದಲ್ಲಿ ಒಂದು ಅಕ್ಷರ ಬದಲಾಗದಿದ್ದರೂ ಅದಕ್ಕೂ ಮರುಖರ್ಚು. ಬಾಲವನ್ನು ಮಾತ್ರ ಮರೆತರು.

ಈಗ 3ನೇ ಪುಟ ತೆರೆದರೆ ‘1ನೇ ಪುಟದಿಂದ’ ಎಂಬ ಪಟ್ಟಿಯ ಕೆಳಗೆ, ‘ಇರುವುದು ಪತ್ತೆಯಾಗಿದೆ. ಟ್ಯಾಂಕ್ ಕೊನೆಯ ಸಲ ತೊಳೆದದ್ದು ಯಾವಾಗ ಎಂಬ ಪ್ರಶ್ನೆಗೆ ವಾರ್ಡನ್ ಉತ್ತರಿಸಲಿಲ್ಲ’ ಎಂದು ಶುರುವಾಗುತ್ತದೆ. ಏನು ಪತ್ತೆಯಾಯಿತು, ಹಾವೋ ನಿಧಿಯೋ? ಇದ್ದ ಹಾಗೇ ಬಿಟ್ಟಿದ್ದರೆ ಆ ಸುದ್ದಿಯನ್ನು ನಮ್ಮ ಮೇಷ್ಟ್ರು ಬಿಟ್ಟು ಯಾರೂ ಓದುತ್ತಿರಲಿಲ್ಲ. ಈಗ ಊರಿಗೆಲ್ಲ ಅದರ ತಲೆ ಬೇಕಾಗಿದೆ. ಅದಕ್ಕೇ ಬಂಡಲುಗಳಿಗೆ ಬೀಗ. ಇದೇ ನಿಮ್ಮ ತಾಂತ್ರಿಕ ಕಾರಣ.

ಇನ್ನು ನೀರಿನ ವಿಷಯಕ್ಕೆ ನೀವು ದಯಪಾಲಿಸಿದ್ದು ಒಂದು ವಾಕ್ಯ: ‘ಬ್ಯಾಕ್ಟೀರಿಯಾ ಪ್ರಮಾಣ ಸ್ವಲ್ಪ ಹೆಚ್ಚಿದೆ ಎನ್ನಲಾಗಿದೆ.’ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾಣಿಸಲೇಬಾರದು. ಸೊನ್ನೆಗಿಂತ ‘ಸ್ವಲ್ಪ ಹೆಚ್ಚು’ ಎಂದರೆ ಎಷ್ಟು ಸ್ವಾಮಿ? ಆ ನೀರು ಪರೀಕ್ಷಿಸಿದ ಪ್ರಯೋಗಾಲಯದ ಸಹಿ, ಮೊಹರು ಇರುವ ವರದಿಗೆ ‘ಎನ್ನಲಾಗಿದೆ’. ಕಾಗದದ ಚೂರೂ ಇಲ್ಲದ ತಾಂತ್ರಿಕ ಕಾರಣಕ್ಕೆ ‘ಎನ್ನಲಾಗಿದೆ’ ಬೇಡ. ಪಕ್ಷಪಾತ ಹುಡುಕಲು ಟಿವಿ ಚರ್ಚೆಯವರೆಗೆ ಹೋಗಬೇಕಿಲ್ಲ. ಸುದ್ದಿಯಲ್ಲಿ ಪ್ರಾಂಶುಪಾಲರ ಮಾತಿದೆ, ಆಡಳಿತ ಮಂಡಳಿ ಅಧ್ಯಕ್ಷರ ಮಾತಿದೆ, ಆ ನೀರು ಕುಡಿಯುವ ಒಬ್ಬರ ಮಾತೂ ಇಲ್ಲ. ಕೆಳಗೆ ಅದೇ ಸಂಸ್ಥೆಯ ಪ್ರವೇಶಾತಿ ಜಾಹೀರಾತು, ಕಾಲು ಪುಟ. ಡಮ್ಮಿಯಲ್ಲಿ (ಪುಟದ ಕರಡು ನಕ್ಷೆಯಲ್ಲಿ) ಮೊದಲು ಜಾಹೀರಾತು ಕೂರುತ್ತದೆ, ಮಿಕ್ಕ ಜಾಗಕ್ಕೆ ಸುದ್ದಿ ಎಂಬುದು ನಮಗೂ ಪಾಠದಲ್ಲಿದೆ ಬಿಡಿ.

ತುರ್ತು ಪರಿಸ್ಥಿತಿ ಹೇರಿದ 1975ರ ಜೂನ್ 25ರ ರಾತ್ರಿ ದೆಹಲಿಯ ಬಹದ್ದೂರ್ ಶಾ ಜಫರ್ ಮಾರ್ಗದ ಪತ್ರಿಕೆಗಳಿಗೆ ಕರೆಂಟನ್ನೇ ತೆಗೆದರು. 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು; ಆಮೇಲೆ ಖಾಲಿ ಬಿಡುವುದಕ್ಕೂ ತಕರಾರು ಬಂತು. ಆ ಸೆನ್ಸಾರಿನವರು ಕನಿಷ್ಠ ಎಲ್ಲ ಪುಟ ಓದುತ್ತಿದ್ದರು. ನಮ್ಮವರು ಒಳಪುಟವನ್ನೇ ತೆರೆಯಲಿಲ್ಲ.

ಅನುಭವಿಸುವವರು ನಾವು. ಪತ್ರಿಕೆಯ ಪ್ರತಿ ರೆಕಾರ್ಡಿನಲ್ಲಿ ಇಲ್ಲದಿದ್ದರೆ ಪ್ರಾಯೋಗಿಕ ಅಂಕವಿಲ್ಲ. ಜಾಹೀರಾತು ಕೊಟ್ಟ ಬೇಕರಿಯವರು, ಜೆರಾಕ್ಸ್ ಅಂಗಡಿಯವರು ದುಡ್ಡು ವಾಪಸ್ ಕೇಳುತ್ತಿದ್ದಾರೆ. ಸುದ್ದಿಗಳನ್ನು ‘ನುಡಿ’ ಫಾಂಟಿನಿಂದ ಯೂನಿಕೋಡಿಗೆ ತಂದಾಗ ದಿಕ್ಕಾಪಾಲಾದ ಅರ್ಕಾವತ್ತುಗಳನ್ನು ಹೆಕ್ಕಿ ಹೆಕ್ಕಿ ಸರಿಮಾಡಿದ್ದು ಯಾರ ಲೆಕ್ಕಕ್ಕೆ? ಹಾಸ್ಟೆಲಿನಲ್ಲಿ ಇವತ್ತಿಗೂ ಕ್ಯಾನ್ ನೀರು, ಅದೂ ಕೈಯಿಂದ ದುಡ್ಡು ಕೊಟ್ಟು.

ಆ ಟ್ಯಾಂಕಿಗೆ ನೀರು ಬಿಡುವ ಪುರಸಭೆಯದು ಇನ್ನೊಂದು ಕಥೆ. ಮಾಹಿತಿ ಹಕ್ಕಿನಲ್ಲಿ ಕೇಳೋಣವೆಂದರೆ ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಪದ ಎಣಿಸಿ ಎಣಿಸಿ ಬರೆದದ್ದಕ್ಕೆ 30ನೇ ದಿನ ಬಂದ ಉತ್ತರ: ‘ಮಾಹಿತಿ ಲಭ್ಯವಿರುವುದಿಲ್ಲ.’ ಎರಡೇ ಪದ! ಸರ್ಕಾರಿ ಕಚೇರಿಗಳಲ್ಲಿ ಫೋಟೊ, ವಿಡಿಯೊ ತೆಗೆಯಬಾರದೆಂದು 2022ರ ಜುಲೈನಲ್ಲಿ ಹೊರಟ ಆದೇಶವನ್ನು ಸರ್ಕಾರವೇ ಕೂಡಲೇ ವಾಪಸ್ ಪಡೆಯಿತು. ಪುರಸಭೆಯ ಗೋಡೆಯ ಮೇಲಿನ ‘ಫೋಟೊ ನಿಷೇಧ’ ಬೋರ್ಡಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಪ್ರೆಸ್ ಕೌನ್ಸಿಲಿಗೆ ದೂರು ಕೊಡುವ ಮುಂಚೆ ಸಂಪಾದಕರಿಗೇ ಬರೆಯಬೇಕು, ದಿನಪತ್ರಿಕೆಯಾದರೆ ಎರಡು ತಿಂಗಳೊಳಗೆ ದೂರು ಸಲ್ಲಬೇಕು. ಇದನ್ನು ಆ ಮೊದಲ ಪತ್ರವೆಂದೇ ತಿಳಿಯಿರಿ. ಕೌನ್ಸಿಲ್ ಛೀಮಾರಿ ಹಾಕಬಹುದೇ ಹೊರತು ದಂಡ ಹಾಕಲಾರದು ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಆದ್ದರಿಂದ ತಿದ್ದುಪಡಿ ಹಾಕಿ, ಬಂಡಲು ಬಿಡಿಸಿ, ಟ್ಯಾಂಕ್ ತೊಳೆಸಿ. ಯಾವುದು ಯಾರ ಕೆಲಸವೆಂದು ನೀವು, ಪ್ರಾಂಶುಪಾಲರು, ಪುರಸಭೆಯ ಮುಖ್ಯಾಧಿಕಾರಿಗಳು ಕೂತು ಹಂಚಿಕೊಳ್ಳಿ. ಏನೂ ಆಗದಿದ್ದರೆ ನಾಚಿಕೆಯನ್ನಾದರೂ ಪಡಿ.

– ಪತ್ರಿಕೋದ್ಯಮ ವಿದ್ಯಾರ್ಥಿ, ದ್ವಿತೀಯ ವರ್ಷ
(ಹೆಸರು ಹಾಕಬೇಡಿ, ಆಂತರಿಕ ಅಂಕ ಇನ್ನೂ ಬಂದಿಲ್ಲ)