ಶಿರಸಿಯ ಝೆರಾಕ್ಸ್ ಅಂಗಡಿ ಅಕ್ಕಂಗೆ

ಅಕ್ಕಾ, ನಿಮ್ಮ ಹೆಸರೂ ಕೇಳ್ಲಿಲ್ಲ ನಾನು, ಅದಕ್ಕೆ ಇಲ್ಲಿ ಬರೀತಿದೀನಿ. ಆವತ್ತು ಫ್ರಂಟ್ ಎಂಡ್ (ವೆಬ್‌ಸೈಟಲ್ಲಿ ಕಣ್ಣಿಗೆ ಕಾಣೋ ಭಾಗ ಕಟ್ಟೋ) ಕೆಲಸಕ್ಕೆ ದೊಡ್ಡ ಕಂಪನಿಯ ವಿಡಿಯೋ ಇಂಟರ್‌ವ್ಯೂ ಇತ್ತು, ನಮ್ಮೂರಲ್ಲಿ ಮಳೆಗೆ ಹಿಂದಿನ ರಾತ್ರಿಯೇ ಕರೆಂಟ್ ಹೋಗಿ ನೆಟ್‌ವರ್ಕೂ ಸತ್ತು, ಲ್ಯಾಪ್‌ಟಾಪ್ ಪ್ಲಾಸ್ಟಿಕ್‌ನಲ್ಲಿ ಸುತ್ಕೊಂಡು ಶಿರಸಿಗೆ ಬಂದು ಹಳೇ ಬಸ್‌ಸ್ಟ್ಯಾಂಡ್ ಹತ್ರ ನಿಮ್ಮ ಅಂಗಡಿ ಮುಂದೆ ನಿಂತಿದ್ದೆ. "ಹೆದ್ರಡ ತಮಾ, ಒಳಗೆ ಕೂತ್ಕ" ಅಂದ್ರಿ. ಇನ್ವರ್ಟರ್, ವೈಫೈ, ಒಣ ಟವೆಲ್ ಎಲ್ಲಾ ಕೊಟ್ರಿ, ಗಿರಾಕಿಗಳು ಕಾದರೂ ಸದ್ದಾಗ್ತದೆ ಅಂತ ಒಂದು ಗಂಟೆ ಮಷೀನ್ ಬಂದ್ ಇಟ್ರಿ!

ಇಂಟರ್‌ವ್ಯೂನಲ್ಲಿ ಮೊದಲು, ಜಾವಾಸ್ಕ್ರಿಪ್ಟಲ್ಲಿ ಕೆಲಸಕ್ಕೆ ಟೈಮರ್ ಇಡೋ ಸೆಟ್‌ಟೈಮ್‌ಔಟ್ ಸೊನ್ನೆ ಇದ್ರೂ, ಪ್ರಾಮಿಸ್ (ಮುಂದೆ ಬರೋ ಉತ್ತರ) ಸಿಕ್ಕ ಮೇಲೆ ಓಡೋ ದೆನ್ ಯಾಕೆ ಮುಂಚೆ ಓಡ್ತದೆ ಅಂತ ಕೇಳಿದ್ರು, ದೆನ್ ಕಾಯೋ ಮೈಕ್ರೋಟಾಸ್ಕ್ ಸಾಲು ಪೂರ್ತಿ ಖಾಲಿ ಆದ್ಮೇಲೇ ಟೈಮರ್ ಸರದಿ ಅಂದೆ. ಆಮೇಲೆ ಸರ್ಚ್ ಬಾಕ್ಸಿಗೆ ಡಿಬೌನ್ಸ್ (ಟೈಪಿಂಗ್ ನಿಲ್ಲೋವರೆಗೆ ಕಾಯೋ ಕೋಡ್) ಬರೆಯೋದು, ಪ್ರತಿ ಅಕ್ಷರಕ್ಕೂ ಹಳೇ ಟೈಮರ್ ಅಳಿಸಿ ಹೊಸದು ಇಟ್ರೆ, ಟೈಪಿಂಗ್ ನಿಂತು 300 ಮಿಲಿಸೆಕೆಂಡ್ ಆದ್ಮೇಲೆ ಒಂದೇ ಸಲ ಸರ್ವರಿಗೆ ಹೋಗ್ತದೆ. ಕೈ ನಡುಗದೆ ಬರೆದೆ, ನೀವಿಟ್ಟ ಬಿಸಿ ಕಷಾಯ ಪಕ್ಕದಲ್ಲೇ ಇತ್ತು.

ದುಡ್ಡು ಕೊಡೋಕೆ ಹೋದ್ರೆ ಬೈದ್ರಿ. ಅಕ್ಕಾ, ನಿನ್ನೆ ಆಫರ್ ಲೆಟರ್ ಬಂತು. ಅದರ ಪ್ರಿಂಟ್ ನಿಮ್ಮಲ್ಲೇ ತೆಗೆಸ್ಬೇಕು, ಸೋಮವಾರ ಅಮ್ಮನ್ನೂ ಕರ್ಕೊಂಡು ಬರ್ತೀನಿ.