ಮಗಳಿಗೊಂದು ಪತ್ರ: ಮೊದಲು ಯಾವ ಫಿಲ್ಟರ್?

ಚಿಕ್ಕಮಗಳೂರು

ಪುಟ್ಟಿ,

ಹೊಸ ಲೆನ್ಸಿಗೆ ಯುವಿ ಫಿಲ್ಟರ್ ಬೇಕೇ ಬೇಕು ಅಂತ ಅಂಗಡಿಯಲ್ಲಿ ಹೇಳಿದರು, ತಗೊಳ್ಳಲಾ ಅಪ್ಪ ಅಂತ ಕೇಳಿದ್ದೀಯ. ಒಂದಕ್ಕೇ ದುಡ್ಡಿದ್ದರೆ ಪೋಲರೈಸರ್ ತಗೋ, ಪ್ರತಿಫಲನದ ಹೊಳಪು ತಗ್ಗಿಸೋ ಫಿಲ್ಟರ್ ಅದು. ಉಳಿದದ್ದು ಆಮೇಲೆ ನೋಡೋಣ.

ಫಿಲಂ ಕಾಲದಲ್ಲಿ ಯುವಿ ಫಿಲ್ಟರಿಗೆ ಕೆಲಸ ಇತ್ತು. ಅತಿನೇರಳೆ ಕಿರಣ ಫಿಲಂ ಮೇಲೆ ಬಿದ್ದು ದೂರದ ಬೆಟ್ಟಸಾಲು ಮಬ್ಬಾಗಿ ಬರ್ತಿತ್ತು. ಈಗಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಅದನ್ನು ತಡೆಯೋ ಗಾಜು ಸೆನ್ಸರ್ ಮುಂದೆಯೇ ಇರುತ್ತೆ. ಹಾಗಾಗಿ ಯುವಿಗೆ ಉಳಿದಿರೋದು ಲೆನ್ಸ್ ಕಾಯೋ ಕೆಲಸ. ಬಾಬಾಬುಡನ್‌ಗಿರಿ ದಾರಿಯ ಧೂಳಿಗೆ, ಮುಳ್ಳಯ್ಯನಗಿರಿಯ ಎರಚಲು ಮಳೆಗೆ ಹಾಕ್ಕೋ, ಬೇಡ ಅನ್ನಲ್ಲ. ದಿನದ ಓಡಾಟಕ್ಕೆ ಲೆನ್ಸ್ ಹುಡ್, ಅಂದರೆ ಲೆನ್ಸ್ ಮುಂದೆ ಸಿಕ್ಕಿಸೋ ಅಂಚು, ಸಾಕು. ರಾತ್ರಿ ದೀಪಗಳ ಫೋಟೊಗಂತೂ ಬಿಚ್ಚಿಡು, ಆ ಗಾಜಿನಿಂದ ಒಂದೊಂದು ದೀಪಕ್ಕೂ ಇನ್ನೊಂದು ಸುಳ್ಳು ದೀಪ ಮೂಡುತ್ತೆ.

ಪೋಲರೈಸರ್ ಮಾಡೋ ಕೆಲಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ಮಾಡೋಕಾಗಲ್ಲ. ಮಳೆ ನಿಂತ ಮೇಲೆ ನಮ್ಮ ಕಾಫಿ ಎಲೆ ನೋಡು, ಮೇಲೆಲ್ಲ ಆಕಾಶದ ಬಿಳುಪು ಕೂತಿರುತ್ತೆ. ಫಿಲ್ಟರಿನ ರಿಂಗ್ ನಿಧಾನವಾಗಿ ತಿರುಗಿಸು. ಬಿಳುಪು ಇಳಿದು ಅಡಿಯ ಹಸಿರು, ಎಲೆಯ ನರ ಎಲ್ಲ ಮೇಲೆ ಬರುತ್ತೆ. ಎಲೆ, ನೀರು, ಗಾಜಿನಿಂದ ಓರೆಯಾಗಿ ಚಿಮ್ಮೋ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತೆ, ಈ ಫಿಲ್ಟರ್ ಅದನ್ನೇ ತಡೆಯೋದು. ಬೇಲೂರಿನ ನುಣುಪು ಕಂಬಗಳ ಹೊಳಪೂ ತಗ್ಗುತ್ತೆ, ಹಿತ್ತಾಳೆ ದೀಪದ್ದು ತಗ್ಗಲ್ಲ. ನೀರನ್ನು ನೇರ ಮೇಲಿಂದ ನೋಡಿದರೆ ಪ್ರಯೋಜನವಿಲ್ಲ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿದಾಗ ತಳದ ಕಲ್ಲು ಚೆನ್ನಾಗಿ ಕಾಣುತ್ತೆ.

ಇದೇ ಉಪಾಯವನ್ನು ಸಿ.ವಿ. ರಾಮನ್ 1921ರಲ್ಲಿ ಮಾಡಿದ್ದರು. ಇಂಗ್ಲೆಂಡಿನಿಂದ ವಾಪಸು ಬರ್ತಾ ಹಡಗಿನ ಮೇಲೆ ನಿಂತು ನಿಕೋಲ್ ಪ್ರಿಸಂ ಮೂಲಕ ಸಮುದ್ರ ನೋಡಿದರು. ಅದೂ ಪೋಲರೈಸರೇ. ನೀರಿನ ಮೇಲಿನ ಆಕಾಶದ ಪ್ರತಿಫಲನ ಹೋದರೂ ಕಡಲು ನೀಲಿಯಾಗೇ ಇತ್ತು. ಹಾಗಾದರೆ ಆ ನೀಲಿ ಆಕಾಶದ ಪ್ರತಿಬಿಂಬ ಮಾತ್ರ ಅಲ್ಲ, ನೀರೇ ಬೆಳಕನ್ನು ಚದುರಿಸುತ್ತೆ ಅಂತ ಬರೆದರು. ಆ ದಾರಿಯಲ್ಲೇ ಮುಂದೆ ಹೋಗಿ 1930ರ ನೊಬೆಲ್ ಪಡೆದರು. ನೀನು ರಿಂಗ್ ತಿರುಗಿಸುವಾಗ ಇದು ನೆನಪಿರಲಿ ಅಂತ ನನಗೆ ಆಸೆ.

ಆಕಾಶ ಗಾಢವಾಗಬೇಕಾದರೆ ಸೂರ್ಯ ನಿನ್ನ ಪಕ್ಕಕ್ಕಿರಬೇಕು. ತೋರುಬೆರಳನ್ನು ಸೂರ್ಯನಿಗೆ ಹಿಡಿದು ಹೆಬ್ಬೆರಳನ್ನು ಅದಕ್ಕೆ ಅಡ್ಡ ಚಾಚು, ಹೆಬ್ಬೆರಳು ತೋರಿಸೋ ಕಡೆಯೇ ಪರಿಣಾಮ ಜಾಸ್ತಿ. ತುಂಬಾ ಅಗಲದ ನೋಟ ಹಿಡಿಯೋ ಲೆನ್ಸಿನಲ್ಲಿ ಮಾತ್ರ ಆಕಾಶ ಒಂದು ಕಡೆ ಕಪ್ಪು, ಒಂದು ಕಡೆ ತೆಳುವಾಗಿ ಕೆಡುತ್ತೆ. ಬೆಳಕೂ ಒಂದೂವರೆ, ಎರಡು ಸ್ಟಾಪ್ ಕಮ್ಮಿಯಾಗುತ್ತೆ, ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ. ನಸುಕಿನಲ್ಲಿ ಕಾಡಿನ ಹಕ್ಕಿ ತೆಗೆಯೋಕೆ ಹೋಗಿದ್ದರೆ ಅದು ಚೀಲದಲ್ಲೇ ಇರಲಿ.

ಕೊಳ್ಳುವಾಗ ಸರ್ಕ್ಯುಲರ್ ಪೋಲರೈಸರ್ ಅಂತ ಕೇಳಿ ತಗೋ, ಅದು ಆಕಾರದ ಮಾತಲ್ಲ, ಪೋಲರೈಸರಿನ ಒಂದು ಬಗೆ. ಲೆನ್ಸಿನ ಮುಂದೆ ಸೊನ್ನೆಗೆ ಅಡ್ಡಗೆರೆ ಎಳೆದ ಗುರುತಿನ ಪಕ್ಕ 67, 77 ಹೀಗೆ ಒಂದು ಸಂಖ್ಯೆ ಇರುತ್ತೆ, ಅದೇ ಅಳತೆ. ಯುವಿ ಮೇಲೇ ಇದನ್ನು ಹಾಕಬೇಡ, ಫೋಟೊದ ಮೂಲೆಗಳು ಕಪ್ಪಾಗಬಹುದು.

ಹೂಮಳೆ ಬಿದ್ದ ದಿನವೇ ಫೋನ್ ಮಾಡ್ತೀನಿ. ಎಂಟು ಹತ್ತು ದಿನಕ್ಕೆ ತೋಟ ಹೂವಾಗುತ್ತೆ, ರಜೆ ಕೇಳಿಟ್ಟಿರು.

ನಿನ್ನ
ಅಪ್ಪ